ಓಟು ಹಾಕಿದ ಮೇಲೂ ಬೀದಿಗೆ ಯಾಕೆ ಬರಬೇಕು?

ಪ್ರಶ್ನೆ: ನಾವು ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯವರು. ರಸ್ತೆ ಅಗಲ ಮಾಡಲು ನಮ್ಮ ಸಾಲುಮರಗಳನ್ನು ಕಡಿಯುತ್ತಾರೆ ಎಂದು ಗೊತ್ತಾಯಿತು. ಒಂದು ಭಾನುವಾರ ಬೆಳಿಗ್ಗೆ ಐವತ್ತು ಅರವತ್ತು ಜನ ಸೇರಿ, ಫಲಕ ಹಿಡಿದು, ಮರದಡಿ ಒಂದು ಗಂಟೆ ನಿಲ್ಲೋಣ ಎಂದುಕೊಂಡೆವು. ಠಾಣೆಗೆ ಹೋಗಿ ಕೇಳಿದರೆ "ಏನಿದ್ದರೂ ಫ್ರೀಡಂ ಪಾರ್ಕಲ್ಲಿ ಮಾಡ್ಕೊಳ್ಳಿ" ಎಂದು ಬಾಯಿಮಾತಲ್ಲೇ ಹೇಳಿ ಕಳಿಸಿದರು. ಮನೆಗೆ ಬಂದರೆ ಮಾವನವರು, "ಓಟು ಹಾಕಿ ಆರಿಸಿದ ಮೇಲೆ ನಮ್ಮ ಕೆಲಸ ಮುಗೀತು. ಈ ಹಕ್ಕು, ಧರಣಿ ಎಲ್ಲ ಪರದೇಶದಿಂದ ಬಂದ ಚಾಳಿ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಹಕ್ಕು ನಿಜವಾಗಿ ಎಲ್ಲಿಂದ ಬಂತು? ಇವತ್ತು ನಮ್ಮ ಕೈಯಲ್ಲಿ ಎಷ್ಟಿದೆ?

ಉತ್ತರ: ಠಾಣೆಯವರ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿಮ್ಮ ಮಾವನವರ ಮಾತು. ಅದು ತುಂಬಾ ಜನರ ಮಾತು. ಕಾನೂನು ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳ ಮನೆಯ ಹಿರಿಯರಿಂದ ಎಷ್ಟೋ ಸಲ ಕೇಳಿದ್ದೇನೆ. ಅದರಲ್ಲಿ ಅರ್ಧ ನಿಜವೂ ಇದೆ.

ಕೋರ್ಟಿನಲ್ಲಿ ನಾವು ಇವತ್ತು ಬಳಸುವ ಹಕ್ಕಿನ ಭಾಷೆ ಬಹಳಷ್ಟು ಇಂಗ್ಲೆಂಡಿನಿಂದ ಬಂದದ್ದು ಹೌದು. 1215ರಲ್ಲಿ ಅಲ್ಲಿನ ರಾಜ ಜಾನ್ ತನ್ನ ಪಾಳೇಗಾರರ ಒತ್ತಡಕ್ಕೆ ಮಣಿದು ಮ್ಯಾಗ್ನಾ ಕಾರ್ಟಾ ಎಂಬ ಸನದಿಗೆ ಮೊಹರು ಒತ್ತಿದ. ನೆಲದ ಕಾನೂನು ಮೀರಿ ಸ್ವತಂತ್ರ ಮನುಷ್ಯನನ್ನು ಹಿಡಿಯುವಂತಿಲ್ಲ, ಸೆರೆಗೆ ಹಾಕುವಂತಿಲ್ಲ ಎಂಬ ಮಾತು ಅದರಲ್ಲಿತ್ತು. ಬರೆದದ್ದು ದೊಡ್ಡವರಿಗಾಗಿ. ಜೀತಕ್ಕೆ ಉಳುತ್ತಿದ್ದವರಿಗೆ ಅದರಿಂದ ಸಿಕ್ಕಿದ್ದು ಕಡಿಮೆ. ಆದರೆ ಆ ಎಳೆ ಕಡಿದುಹೋಗಲಿಲ್ಲ. 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಹೆಸರು ಲ್ಯಾಟಿನ್, ಕೆಲಸ ಸರಳ. ನನ್ನ ಮಗನನ್ನು ಹಿಡಿದುಕೊಂಡು ಹೋಗಿದ್ದಾರೆ ಎಂದು ತಾಯಿಯೊಬ್ಬಳು ಕೋರ್ಟಿಗೆ ಅರ್ಜಿ ಹಾಕುತ್ತಾಳೆ. ಹಿಡಿದವನು ಆ ಹುಡುಗನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಬೇಕು. ಯಾಕೆ ಹಿಡಿದೆ ಅಂತ ಹೇಳಬೇಕು. ಕಾರಣ ನಿಲ್ಲದಿದ್ದರೆ ಬಿಡಬೇಕು.

ನನ್ನ ಮಟ್ಟಿಗೆ ನಾಗರಿಕ ಹಕ್ಕು ಅನ್ನುವುದರ ತಾಯಿಬೇರು ಇದೇ. "ಯಾಕೆ ಅಂತ ಹೇಳಿ" ಎಂದು ಆಳುವವರನ್ನು ಕೇಳುವುದು. ಮತ್ತು ಅವರು ಉತ್ತರ ಕೊಡಲೇಬೇಕು ಎನ್ನುವುದು.

ಹಾಗೆ ಕೇಳುವುದನ್ನು ನಮ್ಮ ಜನ ಇಂಗ್ಲಿಷರಿಂದ ಕಲಿಯಲಿಲ್ಲ. ಅನುಭವ ಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟು ಎಂದು ಭಾಷಣಗಳಲ್ಲಿ ಕೇಳಿರುತ್ತೀರಿ. ನಾನು ಅಷ್ಟು ದೂರ ಹೋಗುವುದಿಲ್ಲ. ಶರಣರು ಕೂಡಿದ್ದು ರಾಜ್ಯದ ಕಾನೂನು ಬರೆಯಲು ಅಲ್ಲ. ಆದರೆ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ತಮ್ಮ ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡು, ತಮ್ಮ ಕನ್ನಡದಲ್ಲಿ, ಮೇಲಿನವರನ್ನು ನೇರವಾಗಿ ಪ್ರಶ್ನೆ ಮಾಡಿದರು. 12ನೇ ಶತಮಾನದಲ್ಲಿ ಅದು ಸಣ್ಣ ಧೈರ್ಯ ಅಲ್ಲ.

ತೆರಿಗೆ, ಅಮಲ್ದಾರ, ಸರ್ಕಾರ ಅಂತ ನೋಡುವುದಾದರೆ ನಮ್ಮ ಕಥೆ 1830ಕ್ಕೆ ಬರುತ್ತದೆ. ಆಗ ಮೈಸೂರು ಸಂಸ್ಥಾನದಲ್ಲಿ ಶರತ್ತಿನ ಪದ್ಧತಿ ಇತ್ತು. ನನ್ನ ತಾಲ್ಲೂಕಿನಿಂದ ಇಷ್ಟು ಕಂದಾಯ ತಂದೇ ತರುತ್ತೇನೆ ಎಂದು ಅಮಲ್ದಾರ ಶರತ್ತು ಬರೆದುಕೊಡುತ್ತಿದ್ದ. ಮಳೆ ಬರಲಿ, ಬಿಡಲಿ, ಆ ಹಣ ರೈತನ ಕಣಜದಿಂದಲೇ ಬರಬೇಕು. ನಗರ ಸೀಮೆಯಲ್ಲಿ, ಅಂದರೆ ಇವತ್ತಿನ ಶಿವಮೊಗ್ಗದ ಕಡೆ, ರೈತರು ಊರೂರಲ್ಲಿ ಸೇರಿ ಮಾತಾಡಿಕೊಂಡರು. ಈ ಸೇರುವಿಕೆಗೆ ಜನ ಇಟ್ಟ ಹೆಸರು ಕೂಟ. ಕೂಟ ಸೇರುವುದು, ದೂರು ಹೇಳುವುದು, ಕೇಳದಿದ್ದರೆ ಕಂದಾಯ ನಿಲ್ಲಿಸುವುದು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಈಸ್ಟ್ ಇಂಡಿಯಾ ಕಂಪನಿ ಆಳುತ್ತಿದ್ದ ಕರಾವಳಿಯ ಕೆನರಾ ಜಿಲ್ಲೆಯಲ್ಲೂ ರೈತರು ಕೂಟ ಕಟ್ಟಿ ಕಂದಾಯ ಕೊಡಲ್ಲ ಎಂದರು. ಒಂದು ಕಡೆ ರಾಜನ ಆಡಳಿತ, ಇನ್ನೊಂದು ಕಡೆ ಕಂಪನಿ. ರೈತ ಕೇಳಿದ್ದು ಒಂದೇ. ಇಷ್ಟೊಂದು ಯಾಕೆ?

ಇದನ್ನು ನಾನು ಬರೀ ಹೊಗಳಿ ಮುಗಿಸಲಾರೆ. ನಗರದ ದಂಗೆ ಬೇಗ ಶಸ್ತ್ರದ ದಾರಿ ಹಿಡಿಯಿತು. ನಗರದ ಹಳೆಯ ಗದ್ದುಗೆ ನನ್ನದು ಎನ್ನುತ್ತಿದ್ದ ಬೂದಿ ಬಸವಪ್ಪ ಅದರ ಮುಂದಾಳಾದ. ರಕ್ತ ಹರಿಯಿತು. ಕೊನೆಗೆ 1831ರಲ್ಲಿ, ರಾಜನಿಗೆ ಆಳಲು ಬರುವುದಿಲ್ಲ ಎಂಬ ನೆಪ ಸಿಕ್ಕಿ, ಕಂಪನಿಯೇ ಮೈಸೂರನ್ನು ಕೈಗೆ ತೆಗೆದುಕೊಂಡಿತು. ಮುಂದಿನ ಐವತ್ತು ವರ್ಷ ಕಮಿಷನರುಗಳ ಆಡಳಿತ. ರೈತ ಕೇಳಿದ್ದು ಬೇರೆ, ಆದದ್ದು ಬೇರೆ. ಆದರೂ ಕೂಟದ ನೆನಪು ಉಳಿಯಿತು. ಕಂದಾಯ ತಡೆದು ಉತ್ತರ ಕೇಳುವುದು ಇಲ್ಲಿಯ ರೈತನಿಗೆ ಗೊತ್ತಿದ್ದ ದಾರಿ. ನೂರು ವರ್ಷದ ಮೇಲೆ ಅಂಕೋಲಾ, ಸಿದ್ದಾಪುರದ ಕಡೆ ಕರನಿರಾಕರಣೆ ಚಳವಳಿ ನಡೆದಾಗ ಜನ ಮನೆ, ಜಮೀನು ಹರಾಜಾದರೂ ಕಂದಾಯ ಕಟ್ಟಲಿಲ್ಲ.

1881ರಲ್ಲಿ ಅಧಿಕಾರ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾ ಪ್ರತಿನಿಧಿ ಸಭೆಯನ್ನು ಶುರು ಮಾಡಿಸಿದರು. ಮೊದಲ ಸಭೆಗೆ 144 ಜನ. ದಸರೆಯ ಹೊತ್ತಿಗೆ ಮೈಸೂರಿಗೆ ಬಂದು ಕೂರಬೇಕು. ನಮ್ಮ ಕೆರೆ ಏರಿ ಒಡೆದಿದೆ, ರಸ್ತೆ ಇಲ್ಲ, ಕಂದಾಯ ಜಾಸ್ತಿ ಅಂತ ದಿವಾನರ ಮುಂದೆ ಹೇಳಬೇಕು. ಇಡೀ ದೇಶದಲ್ಲಿ ಆಗ ಇಂಥದ್ದು ಅಪರೂಪ. ನಮ್ಮವರು ಹೆಮ್ಮೆ ಪಡುವುದು ಸರಿಯೇ. ಆದರೆ ಬಂದವರು ಬಹುತೇಕ ಜಮೀನ್ದಾರರು, ವ್ಯಾಪಾರಿಗಳು. ಸರ್ಕಾರವೇ ಆರಿಸಿ ಕರೆಸುತ್ತಿತ್ತು. ಚುನಾವಣೆ ಬಂದದ್ದು 1891ರಲ್ಲಿ, ಅದೂ ಆಸ್ತಿ ಇದ್ದವರಿಗೆ. ಕಾನೂನಿನ ಬಲ ಸಿಕ್ಕಿದ್ದು 1923ರಲ್ಲಿ. ಅಲ್ಲಿಯವರೆಗೆ ಸಭೆ ಕೇಳಬಹುದಿತ್ತು ಅಷ್ಟೆ. ದಿವಾನರು ಕಾರಣ ಹೇಳಿದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಅರ್ಜಿಗೂ ಹಕ್ಕಿಗೂ ಇರುವ ಅಂತರ ಅದು. ಅರ್ಜಿಗೆ ಕೈ ಮುಗಿಯಬೇಕು. ಹಕ್ಕಾದರೆ ಎದುರಿನವರು ಉತ್ತರ ಕೊಡಲೇಬೇಕು.

ಆ ಅಂತರ ತುಂಬಿದ್ದು ಬೀದಿಯಲ್ಲಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯ. ಕಾಂಗ್ರೆಸ್ ಬಾವುಟ ಹಾರಿಸಬಾರದು ಎಂದು ನಿಷೇಧಾಜ್ಞೆ ಇತ್ತು. ಹಾರಿಸಿದರು, ಸೆರೆ ಹೋದರು. ಎರಡು ವಾರದ ಮೇಲೆ, ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಜನ ಸೇರಿದಾಗ ಪೊಲೀಸರು ಗುಂಡು ಹಾರಿಸಿದರು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ನೋಡಿ ಬರುವಷ್ಟು ಹತ್ತಿರದ ಜಾಗ. ಸತ್ತವರ ಹೆಸರುಗಳು ಅಲ್ಲಿವೆ. ದೊಡ್ಡ ನಾಯಕರ ಹೆಸರಲ್ಲ, ಸುತ್ತಲಿನ ಹಳ್ಳಿಯವರ ಹೆಸರುಗಳು. ಆಮೇಲೆ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು.

1947ರ ಆಗಸ್ಟ್ 15 ಬಂದಾಗಲೂ ಮೈಸೂರು ಸಂಸ್ಥಾನದ ಜನಕ್ಕೆ ತಮ್ಮದೇ ಸರ್ಕಾರ ಇರಲಿಲ್ಲ. ದಿವಾನರೇ ಆಳುತ್ತಿದ್ದರು. ಸೆಪ್ಟೆಂಬರ್‌ನಲ್ಲಿ "ಮೈಸೂರು ಚಲೋ" ಶುರುವಾಯಿತು. ಶಾಲೆ, ಕಾರ್ಖಾನೆ, ಮಾರುಕಟ್ಟೆ ಬಿಟ್ಟು ಜನ ಹೊರಬಂದರು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿ ಆದರು. ಮಾವನವರಿಗೆ ಈ ಒಂದು ಸಂಗತಿ ತಿಳಿಸಿ. ಅವರು ಹಾಕುವ ಓಟೇ ಧರಣಿಯಿಂದ ಬಂದದ್ದು. ಹಿಂದೆ ಜನ ಬೀದಿಗೆ ಬಂದಿದ್ದಕ್ಕೇ ಇವತ್ತು ಮತಗಟ್ಟೆ ಇದೆ.

"ಸರಿ, ಓಟು ಬಂತಲ್ಲ, ಆಮೇಲೆ ಯಾಕೆ?" ಎಂದು ಅವರು ಕೇಳಬಹುದು. ಇದು ಒಳ್ಳೆಯ ಪ್ರಶ್ನೆ. ಇದನ್ನು ಎತ್ತಿದವರು ಸಾಮಾನ್ಯರಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದನ್ನೇ ಹೇಳಿದರು. ಸಂವಿಧಾನದ ದಾರಿ ತೆರೆದಿರುವಾಗ ಅಸಹಕಾರ, ಸತ್ಯಾಗ್ರಹದಂಥ ದಾರಿಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದರು. ಅದೇ ಅಂಬೇಡ್ಕರ್ 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಸಾವಿರಾರು ಜನರೊಂದಿಗೆ ನಡೆದು ಹೋಗಿ, ದಲಿತರಿಗೆ ಮುಟ್ಟಲು ಬಿಡದ ಚವದಾರ ಕೆರೆಯ ನೀರು ಕುಡಿದವರು. ಆ ಕೆರೆ ಎಲ್ಲರಿಗೂ ತೆರೆದಿದೆ ಎಂದು ಊರಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು. ನೀರು ಬೊಗಸೆಗೆ ಬರಲು ಜನ ನಡೆದು ಹೋಗಬೇಕಾಯಿತು.

ನನಗೆ ಈ ಎರಡು ಮಾತಿನಲ್ಲಿ ಜಗಳ ಕಾಣುವುದಿಲ್ಲ. ದಾರಿ ತೆರೆದಿರುವಾಗ ಎಂದರು ಅಂಬೇಡ್ಕರ್. ಅವರ ಎಚ್ಚರಿಕೆಯನ್ನು ನಾನು ಪೂರ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಬಲದಿಂದ ಬಾಯಿ ಮುಚ್ಚಿಸುವ ಬಂದ್, ಬೆದರಿಕೆ ಇವು ಹಕ್ಕಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದಾರಿ ತೆರೆದಿದೆಯೇ ಎಂದು ಪ್ರತಿ ಸಲ ನೋಡಬೇಕಾಗುತ್ತದೆ. ಅಂದಹಾಗೆ, ನಾಗರಿಕ ಹಕ್ಕು ಅಂದ ತಕ್ಷಣ ನಮಗೆ ಅಮೆರಿಕದಲ್ಲಿ ಬಸ್ಸಿನ ಸೀಟನ್ನು ಬಿಳಿಯರಿಗೆ ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ನೆನಪಾಗುತ್ತಾರೆ. ನಮ್ಮ ದೇಶದಲ್ಲಿ ಆ ಹೆಸರಿನ ಕಾಯ್ದೆಯೇ ಇದೆ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ನಮ್ಮ ಪೊಲೀಸ್ ಇಲಾಖೆಯಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಅಂತ ಒಂದು ವಿಭಾಗವೂ ಇದೆ. ಕೆರೆ, ಬಾವಿ, ಹೋಟೆಲು, ದೇವಸ್ಥಾನದ ಬಾಗಿಲು. ನಮ್ಮ ನೆಲದಲ್ಲಿ ನಾಗರಿಕ ಹಕ್ಕಿನ ಮೊದಲ ಅರ್ಥ ಅದು.

ಸಂವಿಧಾನ ಬಂದ ಮರುವರ್ಷವೇ, 1951ರ ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದದ್ದನ್ನು ನೋಡಿ. ಜಗಳ ಹುಟ್ಟಿದ್ದು ಒಂದು ಕೊಳಗದಿಂದ. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಗೇಣಿ ಭತ್ತ ಅಳೆದುಕೊಳ್ಳಲು ಜಮೀನಿನ ಒಡೆಯರು ಇಟ್ಟಿದ್ದ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು. ಕಣದಲ್ಲಿ ನಿಂತು ಎಣಿಸುವಾಗ ಲೆಕ್ಕ ಸರಿಯಾಗೇ ಇರುತ್ತದೆ. ಇಪ್ಪತ್ತು ಅಂದರೆ ಇಪ್ಪತ್ತು ಕೊಳಗ. ಆದರೆ ಪ್ರತಿ ಕೊಳಗದಲ್ಲೂ ಒಂದಷ್ಟು ಭತ್ತ ಜಾಸ್ತಿ ಹೋಗುತ್ತದೆ. ವರ್ಷಕ್ಕೊಮ್ಮೆ, ತಲೆಮಾರು ತಲೆಮಾರು. ಗೇಣಿದಾರರು ಕೇಳಿದ್ದು ಸರಿಯಾದ ಕೊಳಗ. ಅದಕ್ಕೆ ಸಿಕ್ಕ ಉತ್ತರ ಜಮೀನಿನಿಂದ ಎಬ್ಬಿಸುವುದು. ಆಗ ಅವರು ತಂಡ ತಂಡವಾಗಿ ನೇಗಿಲು ಹೊತ್ತು ಅದೇ ಗದ್ದೆಗೆ ಹೋದರು, ಬಂಧನಕ್ಕೆ ಒಳಗಾದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮುಂದಿನ ವರ್ಷ, 1952ರ ಚುನಾವಣೆಯಲ್ಲಿ, ಗೆದ್ದು ವಿಧಾನಸಭೆಗೆ ಬಂದರು. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಉಳುವವನೇ ಹೊಲದೊಡೆಯ ಆಗುವ ಕಾನೂನು ಜಾರಿಗೆ ಬಂತು. ಗದ್ದೆಯಲ್ಲಿ ಶುರುವಾದ ಮಾತು ವಿಧಾನಸೌಧ ತಲುಪಲು 23 ವರ್ಷ ಹಿಡಿಯಿತು. ಆ ಗದ್ದೆಗೆ ಜನ ಇಳಿಯದಿದ್ದರೆ ಆ ಮಾತು ಹೊರಡುತ್ತಲೇ ಇರಲಿಲ್ಲ.

ಇನ್ನು ಫ್ರೀಡಂ ಪಾರ್ಕ್. ನಿಮ್ಮನ್ನು ಅಲ್ಲಿಗೆ ಹೋಗಿ ಎಂದರಲ್ಲ, ಧರಣಿ ಇರಲಿ ಬಿಡಲಿ ಒಮ್ಮೆ ಹೋಗಿ. ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಅದು 19ನೇ ಶತಮಾನದಲ್ಲಿ ಕಟ್ಟಿದ ಸೆಂಟ್ರಲ್ ಜೈಲು. ಖೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಪಾರ್ಕ್ ಮಾಡಿ 2008ರಲ್ಲಿ ತೆರೆದರು. ನಡುವೆ ಕಾವಲು ಗೋಪುರ ಇವತ್ತಿಗೂ ನಿಂತಿದೆ. ಅದರ ಬುಡದಲ್ಲಿ ನಿಂತು ಸುತ್ತ ನೋಡಿದರೆ ಗೊತ್ತಾಗುತ್ತದೆ, ಮೇಲಿದ್ದ ಒಬ್ಬನ ಕಣ್ಣಿಗೆ ಎಷ್ಟು ಜನ ಬೀಳುತ್ತಿದ್ದರು ಎಂದು. ಹುಡುಗರು ಅಲ್ಲಿ ತಾವಾಗಿಯೇ ದನಿ ತಗ್ಗಿಸುತ್ತಾರೆ.

1975ರ ಜೂನ್ 26ರ ಬೆಳಿಗ್ಗೆ ವಾಜಪೇಯಿ, ಅಡ್ವಾಣಿ ಸಂಸತ್ತಿನ ಸಮಿತಿಯೊಂದರ ಕೆಲಸಕ್ಕೆ ಬೆಂಗಳೂರಿನಲ್ಲಿದ್ದರು. ಹಿಂದಿನ ರಾತ್ರಿ ತುರ್ತುಪರಿಸ್ಥಿತಿ ಘೋಷಣೆ ಆಗಿತ್ತು. ಅವರನ್ನು ಇಲ್ಲೇ ಹಿಡಿದು ಇದೇ ಜೈಲಿಗೆ ಹಾಕಿದರು. ಮಧು ದಂಡವತೆ ಕೂಡ ಇಲ್ಲಿದ್ದರು. ವಿಚಾರಣೆ ಇಲ್ಲದೆ ಸೆರೆಯಲ್ಲಿಡಲು ಬಿಡುವ ಮೀಸಾ ಕಾಯ್ದೆಯನ್ನು ಆಗ ಹೇಗೆ ತಿದ್ದಿದರೆಂದರೆ, ಯಾಕೆ ಹಿಡಿದೆವು ಎಂದು ಸೆರೆಯಾದವರಿಗೆ ತಿಳಿಸುವ ಅಗತ್ಯವೇ ಇರಲಿಲ್ಲ.

ಮರುವರ್ಷ ಇದೇ ಜೈಲಿಗೆ ರಂಗಭೂಮಿ ಮತ್ತು ಸಿನಿಮಾ ನಟಿ ಸ್ನೇಹಲತಾ ರೆಡ್ಡಿಯವರನ್ನು ತಂದರು. ಅವರಿಗೆ ಆಸ್ತಮಾ ಇತ್ತು. ವಿಚಾರಣೆ ಇಲ್ಲದೆ ಎಂಟು ತಿಂಗಳು ಇಟ್ಟರು. ಕಾಯಿಲೆ ಜೋರಾದಾಗ ಬೇಕಾದ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. ಐದು ದಿನಕ್ಕೆ ತೀರಿಕೊಂಡರು. ಅವರ ವಿಷಯ ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಹೀಗೆ ಸೆರೆಯಾದವರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ಹೋದವು. ನಮ್ಮ ಹೈಕೋರ್ಟೂ ಸೇರಿ ಒಂಬತ್ತು ಹೈಕೋರ್ಟ್‌ಗಳು, ಕಾರಣ ಕೇಳುವ ಅಧಿಕಾರ ನಮಗಿದೆ ಎಂದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು ಒಂದರ ಬಹುಮತದಿಂದ ಇಲ್ಲ ಎಂದಿತು. ವಾದದ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರನ್ನು ಕೇಳಿದ್ದರು: ಪೊಲೀಸನೊಬ್ಬ ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೂ ಕೋರ್ಟಿಗೆ ಬರುವಂತಿಲ್ಲವೇ? ತುರ್ತುಪರಿಸ್ಥಿತಿ ಇರುವಷ್ಟು ದಿನ ಇಲ್ಲ ಎಂಬ ಉತ್ತರ ಬಂತು. ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. ಅದಕ್ಕೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಕಳೆದುಕೊಂಡರು.

1977ರಲ್ಲಿ ಜನ ಓಟಿನಿಂದಲೇ ಆ ಸರ್ಕಾರವನ್ನು ಇಳಿಸಿದರು, ನಿಜ. ಮಾವನವರ ಮಾತಿಗೆ ಇಲ್ಲಿ ಬಲ ಇದೆ. ಆದರೆ ಆ ಹತ್ತೊಂಬತ್ತು ಇಪ್ಪತ್ತು ತಿಂಗಳು ಓಟು ಎಲ್ಲಿತ್ತು? ನಡೆಯಬೇಕಿದ್ದ ಲೋಕಸಭಾ ಚುನಾವಣೆಯನ್ನೇ ಮುಂದಕ್ಕೆ ಹಾಕಿದ್ದರು. 1978ರ 44ನೇ ತಿದ್ದುಪಡಿ ಆದ ಮೇಲೆ, ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ ಎಂದಾಯಿತು. ಆ 1976ರ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಅದನ್ನು ಹಾಕಿದವರು ಬೆಂಗಳೂರಿನ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅರ್ಜಿ ಹಾಕಿದಾಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು.

ಇನ್ನೊಂದು ಸಂಗತಿ ನಾನೇ ಕಂಡದ್ದು. 2016ರ ಏಪ್ರಿಲ್ 18. ಹೊಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದೆ. ಮುಂದೆ ರಸ್ತೆ ತುಂಬ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಕೈಯಲ್ಲಿ ಊಟದ ಡಬ್ಬಿಯ ಚೀಲ, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ. ಬಾವುಟ ಇಲ್ಲ, ಮೈಕ್ ಇಲ್ಲ. ಇಳಿದು ಒಬ್ಬರನ್ನು ಏನಮ್ಮ ವಿಷಯ ಎಂದು ಕೇಳಿದೆ. "ನಮ್ಮ ಪಿಎಫ್ ದುಡ್ಡು ನಮಗೇ ಕೊಡಲ್ವಂತೆ ಸಾರ್. 58 ವರ್ಷ ಆಗಬೇಕಂತೆ. ಈ ಕೆಲಸ ನಲವತ್ತರವರೆಗೆ ಮಾಡೋದೇ ಕಷ್ಟ" ಎಂದರು. ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣ 58 ತುಂಬುವವರೆಗೆ ಸಿಗುವುದಿಲ್ಲ. ಮಗಳ ಮದುವೆ, ಮಗನ ಫೀಸು, ಊರಲ್ಲಿ ಎರಡು ಕೋಣೆಯ ಮನೆ, ಎಲ್ಲ ಲೆಕ್ಕವೂ ಆ ದುಡ್ಡಿನ ಮೇಲೆ ನಿಂತಿತ್ತು. ಅವರಿಗೆ ಯಾರೂ ಕೇಳಿರಲಿಲ್ಲ, ಯಾಕೆ ಅಂತ ಹೇಳಿರಲಿಲ್ಲ.

ಮರುದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಕಲ್ಲು ತೂರಾಟ ಆಯಿತು, ಲಾಠಿ ಬೀಸಿದರು. ಅದು ತಪ್ಪು. ಬೆಂಕಿಯಲ್ಲಿ ಸುಟ್ಟದ್ದು ಅವರೇ ದಿನಾ ಹತ್ತುವಂಥ ಬಸ್ಸು. ಆದರೆ ಅವತ್ತೇ, ಏಪ್ರಿಲ್ 19ರಂದು, ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ದೇಶದ ಕೋಟ್ಯಂತರ ಪಿಎಫ್ ಖಾತೆದಾರರಿಗೆ ಅದರ ಲಾಭ ಸಿಕ್ಕಿತು. ನಾನೂ ನೀವೂ ಅದರಲ್ಲಿ ಇರಬಹುದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ಚಾಲುಕ್ಯ ವೃತ್ತದ ಕಡೆಯಿಂದ ಸಾಲಾಗಿ ಕೈ ಕೈ ಹಿಡಿದು ನಿಂತರು. ನೂರಾರು ಮರ ಉರುಳಬೇಕಿತ್ತು. 2017ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಯೋಜನೆ ಕೈಬಿಟ್ಟಿತು. ಎರಡೂ ಸಲ ಮುಂದಿನ ಚುನಾವಣೆಗೆ ಕಾದಿದ್ದರೆ ಆಗುವುದು ಆಗಿ ಹೋಗಿರುತ್ತಿತ್ತು.

ಈಗ ಠಾಣೆಯ ವಿಷಯ. ಶಾಂತಿಯಿಂದ, ಆಯುಧ ಇಲ್ಲದೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸಾರ್ವಜನಿಕ ಸುವ್ಯವಸ್ಥೆಗಾಗಿ ಅದರ ಮೇಲೆ ಸರ್ಕಾರ ಮಿತಿ ಹಾಕಬಹುದು, ಆದರೆ ಆ ಮಿತಿ ನ್ಯಾಯವಾಗಿರಬೇಕು. ಅಹಮದಾಬಾದಿನ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ: ಬೀದಿಯಲ್ಲಿ ಸಭೆ ಹೇಗೆ, ಯಾವಾಗ ಎಂದು ಪೊಲೀಸರು ನಿಯಮ ಮಾಡಬಹುದು, ಸಭೆಯೇ ಬೇಡ ಎನ್ನುವಂತಿಲ್ಲ. ರಸ್ತೆಯನ್ನು ದಿನಗಟ್ಟಲೆ ಹಿಡಿದು ಕೂರುವಂತಿಲ್ಲ ಎಂದು 2020ರಲ್ಲಿ ಅದೇ ಕೋರ್ಟ್ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ನಮ್ಮೂರಿನಲ್ಲಿ ಧರಣಿ, ಮೆರವಣಿಗೆಗೆ ಫ್ರೀಡಂ ಪಾರ್ಕ್ ಮಾತ್ರ ಎಂದು 2021ರ ಪೊಲೀಸ್ ಆದೇಶ ಇದೆ. ವಾಹನ ದಟ್ಟಣೆ ಅದರ ಹಿಂದಿನ ಕಾರಣ. ಹೈಕೋರ್ಟೂ ಅದನ್ನು ಪಾಲಿಸಿ ಎಂದಿದೆ. ಹಾಗಾಗಿ ಠಾಣೆಯವರು ಗಾಳಿಯಲ್ಲಿ ಮಾತಾಡಿಲ್ಲ. ನನಗೆ ಮಾತ್ರ ಒಂದೂಕಾಲು ಕೋಟಿಯಷ್ಟು ಜನರ ಊರಿಗೆ ಒಂದೇ ಜಾಗ ಎನ್ನುವುದು ಸರಿ ಎನ್ನಿಸುವುದಿಲ್ಲ. ಮರ ಇರುವುದು ನಿಮ್ಮ ಬೀದಿಯಲ್ಲಿ. ದೂರು ಕೇಳಬೇಕಾದವರು, ನೋಡಬೇಕಾದವರು ಅಲ್ಲಿದ್ದಾರೆ. ಆದರೂ ಆದೇಶ ಇರುವಷ್ಟು ದಿನ ಅದನ್ನು ಮುರಿಯಿರಿ ಎಂದು ನಿಮಗೆ ಹೇಳಲಾರೆ. ಮುರಿದರೆ ಕೇಸು ಬೀಳಬಹುದು. ಅದಕ್ಕೆ ತಯಾರಿದ್ದೇ ಮುರಿಯುವುದು ಸತ್ಯಾಗ್ರಹ, ಅದು ನಿಮ್ಮ ನಿರ್ಧಾರ.

ಆದರೆ ಬಾಯಿಮಾತಿನ ಉತ್ತರ ತೆಗೆದುಕೊಂಡು ಬರಬೇಡಿ. 2019ರ ಡಿಸೆಂಬರ್‌ನಲ್ಲಿ ಪೊಲೀಸರು ಬೆಂಗಳೂರಿಡೀ 144ನೇ ಸೆಕ್ಷನ್ ಹಾಕಿದ್ದು ನೆನಪಿದೆ ಅಲ್ವಾ? ಟೌನ್‌ಹಾಲ್ ಮುಂದೆ ನಿಂತವರನ್ನು ಎಳೆದುಕೊಂಡು ಹೋದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಬಿಡಲಿಲ್ಲ. ಎರಡು ತಿಂಗಳ ಮೇಲೆ, 2020ರ ಫೆಬ್ರವರಿಯಲ್ಲಿ, ನಮ್ಮ ಹೈಕೋರ್ಟ್ ಆ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದಿತು. ಮುಖ್ಯ ದೋಷ ಏನೆಂದರೆ, ಯಾಕೆ ನಿಷೇಧ ಬೇಕಾಯಿತು ಎಂದು ತೂಗಿ ನೋಡಿ ಬರೆದಿರಲಿಲ್ಲ. ಆದೇಶ ಬರಹದಲ್ಲಿ ಇದ್ದಿದ್ದಕ್ಕೇ ಕೋರ್ಟ್ ಅದನ್ನು ಪರೀಕ್ಷೆ ಮಾಡಲು ಆಯಿತು. 144 ಈಗ ಇಲ್ಲ, 2024ರ ಜುಲೈನಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ತಿರುಳು ಅದೇ. ಕಾರಣ ಬರೆಯಲೇಬೇಕು.

ಹಾಗಾಗಿ ನೀವು ಒಂದು ಅರ್ಜಿ ಬರೆಯಿರಿ. ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತು, ಫುಟ್‌ಪಾತ್ ಮೇಲೆ ಮಾತ್ರ, ಮೈಕ್ ಇಲ್ಲ, ವಾಹನಕ್ಕೆ ಅಡ್ಡಿ ಇಲ್ಲ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಇಲ್ಲ ಎನ್ನುವುದಾದರೆ ಬರೆದು ಕೊಡಿ ಎಂದು ವಿನಯದಿಂದ ಕೇಳಿ. ಫ್ರೀಡಂ ಪಾರ್ಕೇ ಆಗಲಿ ಎಂದರೆ ಒಂದು ದಿನ ಅಲ್ಲೂ ಕೂರಿ, ಮಾಧ್ಯಮದವರನ್ನು ಮಾತ್ರ ನಿಮ್ಮ ಬೀದಿಗೆ ಕರೆಯಿರಿ.

ಮರಗಳ ವಿಷಯಕ್ಕೆ ಬೇರೆಯೇ ಬಾಗಿಲಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಾರ್ವಜನಿಕ ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿ ಮೊದಲು ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕು. ನಿಮ್ಮ ರಸ್ತೆಯ ಮರಗಳನ್ನು ಈ ವಾರವೇ ಎಣಿಸಿ. ಒಂದೊಂದಕ್ಕೂ ಫೋಟೊ ತೆಗೆದು ನಂಬರು ಕೊಡಿ. ಪ್ರಕಟಣೆ ಬಂದಿದ್ದರೆ ಪ್ರತಿಯೊಂದು ಮನೆಯಿಂದ ಒಂದೊಂದು ಆಕ್ಷೇಪ ಹೋಗಲಿ. ಬಂದಿಲ್ಲದಿದ್ದರೆ ಅದೇ ಮೊದಲ ದೂರು.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆ ಕಾಯ್ದೆಯೂ ಬೀದಿಯಲ್ಲೇ ಹುಟ್ಟಿದ್ದು. 1996ರಲ್ಲಿ ರಾಜಸ್ಥಾನದ ಬ್ಯಾವರ್‌ನಲ್ಲಿ ಕೂಲಿಕಾರರು, ರೈತರು ಖರ್ಚಿನ ಲೆಕ್ಕ ತೋರಿಸಿ ಎಂದು 40 ದಿನ ಧರಣಿ ಕೂತಿದ್ದರು. 2005ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ಅದರ 4ನೇ ಸೆಕ್ಷನ್ ಒಂದು ಮಾತು ಹೇಳುತ್ತದೆ: ಆಡಳಿತದ ನಿರ್ಧಾರದಿಂದ ಯಾರಿಗೆ ತೊಂದರೆ ಆಗುತ್ತದೋ ಅವರಿಗೆ ಆ ನಿರ್ಧಾರದ ಕಾರಣ ಕೊಡಬೇಕು. ಅರ್ಜಿಯಲ್ಲಿ ಈ ಸೆಕ್ಷನ್ ನಮೂದಿಸಿ, ರಸ್ತೆ ಅಗಲ ಮಾಡುವ ನಿರ್ಧಾರದ ಕಡತ, ನಕ್ಷೆ, ವೃಕ್ಷಾಧಿಕಾರಿಯ ಆದೇಶ ಮೂರನ್ನೂ ಕೇಳಿ. ಉತ್ತರಕ್ಕೆ 30 ದಿನದ ಗಡುವು ಇದೆ. ಗರಗಸ ಅದಕ್ಕೂ ಮೊದಲೇ ಬರಬಹುದು. ಅದಕ್ಕೇ ಸೋಮವಾರ ಕಚೇರಿ ತೆಗೆಯುವ ಹೊತ್ತಿಗೆ ಅರ್ಜಿ ಕೊಡಿ. ಮಾವನವರು ಬರುವುದಾದರೆ ಅವರನ್ನೂ ಕರೆದುಕೊಂಡು ಹೋಗಿ. ಹಿರಿಯರು ಎದುರು ನಿಂತು ಕೇಳಿದರೆ ಮೊಹರು ಬೇಗ ಬೀಳುತ್ತದೆ.